ಚುಚ್ಚಿದ್ದು ಸೂಜಿ, ತಡಮಾಡಿದ್ದು ನಾನು

ಸೂಜಿ ಚುಚ್ಚಿದರೆ ಏನು ಮಾಡಬೇಕೆಂದು ನನ್ನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಚುಚ್ಚಿದ ಜಾಗವನ್ನು ಹರಿಯುವ ನೀರಿಗೆ ಹಿಡಿದು ಸೋಪು ಹಚ್ಚಿ ತೊಳೆಯಬೇಕು. ಹಿಂಡಬಾರದು, ಉಜ್ಜಬಾರದು, ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು. ಸ್ಪಿರಿಟ್ಟು, ಬ್ಲೀಚಿಂಗು ಯಾವುದನ್ನೂ ಸುರಿಯಬಾರದು. ರಕ್ತ ಕಣ್ಣಿಗೆ ಸಿಡಿದಿದ್ದರೆ ಬರೀ ನೀರು, ಇಲ್ಲವೇ ಸಲೈನ್. ಆಮೇಲೆ ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಆ ಸೂಜಿ ಯಾವ ರೋಗಿಯದೆಂದು ಗೊತ್ತಿದ್ದರೆ ಅವರ ಒಪ್ಪಿಗೆ ಪಡೆದು ಅವರ ರಕ್ತವನ್ನೂ, ಚುಚ್ಚಿಸಿಕೊಂಡವರ ರಕ್ತವನ್ನೂ ಪರೀಕ್ಷೆಗೆ ಕಳಿಸಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ತೀರ್ಮಾನವಾದರೆ ಎರಡು ಗಂಟೆಯೊಳಗೆ ಮೊದಲ ಮಾತ್ರೆ ಹೊಟ್ಟೆಗೆ ಹೋಗಬೇಕು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದನ್ನು ನಾನೇ ಪಾಠ ಮಾಡಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದವಳ ಎದುರಿಗೆ, ಅವಳದೇ ವಾರ್ಡಿನಲ್ಲಿ, ಒಬ್ಬ ಹೆಂಗಸು ರಕ್ತ ಸೋರುವ ಬೆರಳು ಹಿಡಿದುಕೊಂಡು ನಿಂತಾಗ ಇದರಲ್ಲಿ ಒಂದನ್ನೂ ನಾನು ಮಾಡಲಿಲ್ಲ. ಗೊತ್ತಿಲ್ಲದೆ ತಪ್ಪಿದ್ದರೆ ಇದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಕೊರೊನಾದ ಗಲಾಟೆ ಮುಗಿದ ಮೇಲಿನ ಒಂದು ಮಳೆಗಾಲ ಅದು. ಮಧ್ಯ ಕರ್ನಾಟಕದ ಒಂದು ಊರಿನ ಖಾಸಗಿ ಆಸ್ಪತ್ರೆಯಲ್ಲಿ ಜನರಲ್ ವಾರ್ಡಿನ ಇನ್‌ಚಾರ್ಜ್ ಆಗಿದ್ದೆ. ಡೆಂಗಿ ಹಬ್ಬಿತ್ತು. ಹಾಸಿಗೆ ಸಾಲದೆ ಕಾರಿಡಾರಿನಲ್ಲೂ ಮಂಚ ಹಾಕಿದ್ದೆವು. ಪ್ಲೇಟ್‌ಲೆಟ್ ಎಣಿಕೆಗೆಂದು ದಿನಕ್ಕೆರಡು ಸಲ ಎಲ್ಲರ ರಕ್ತ ತೆಗೆಯಬೇಕು. ಇಬ್ಬರು ಸಿಸ್ಟರ್‌ಗಳು ರಜೆಯಲ್ಲಿದ್ದುದರಿಂದ ಆ ಮಧ್ಯಾಹ್ನ ನಾನೇ ಟ್ರೇ ಹಿಡಿದು ಮಂಚದಿಂದ ಮಂಚಕ್ಕೆ ಓಡಾಡಿದೆ. ರಕ್ತ ತೆಗೆದು, ಬಾಟಲಿಗೆ ತುಂಬಿ, ಸೂಜಿಗೆ ಎರಡೂ ಕೈಯಿಂದ ಕ್ಯಾಪ್ ಸಿಕ್ಕಿಸಿ ಟ್ರೇಗೆ ಹಾಕುವುದು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದೆಂಬುದು ಸುರಕ್ಷತೆಯ ಮೊದಲ ಪಾಠ. ಅದೂ ಗೊತ್ತಿತ್ತು. ಆದರೆ ನೀಡಲ್ ಕಟರ್ ಇದ್ದುದು ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ, ರೋಗಿ ಇದ್ದುದು ಕಾರಿಡಾರಿನ ಆ ತುದಿಯಲ್ಲಿ. ಬರಿ ಸೂಜಿ ಹಿಡಿದು ಅಷ್ಟು ದೂರ ನಡೆಯುವುದಕ್ಕಿಂತ ಕ್ಯಾಪ್ ಹಾಕುವುದೇ ಸುರಕ್ಷಿತವೆಂದು ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಸುತ್ತು ಮುಗಿದ ಮೇಲೆ ಟ್ರೇಯಲ್ಲಿದ್ದುದನ್ನು ಕಟರ್‌ನಲ್ಲಿ ಕತ್ತರಿಸಿ, ಸೂಜಿ ಬಿಳಿ ಡಬ್ಬಿಗೆ, ಸಿರಿಂಜ್ ಕೆಂಪು ಚೀಲಕ್ಕೆ. ಆ ದಿನ ಅಷ್ಟರಲ್ಲಿ ಒಬ್ಬ ಹುಡುಗನಿಗೆ ಬಿಪಿ ಇಳಿಯಿತೆಂದು ಕೂಗಿದರು. ಟ್ರೇಯನ್ನು ಹಾಗೇ ಬಿಟ್ಟು ಓಡಿದೆ. ವಾಪಸ್ಸು ಬಂದಾಗ ಟ್ರೇ ಖಾಲಿಯಾಗಿತ್ತು. ಯಾರು ಖಾಲಿ ಮಾಡಿದರು, ಏನನ್ನು ಎಲ್ಲಿಗೆ ಹಾಕಿದರು ಎಂದು ನಾನು ಕೇಳಲಿಲ್ಲ.

ವಾರ್ಡಿನ ಕಸ ತೆಗೆಯುವ ಆಯಾ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವಳು, ಕೆಂಪು ಚೀಲದ ಬಾಯಿ ಕಟ್ಟಲು ಅದನ್ನು ಎತ್ತಿ ಕುಕ್ಕಿದಾಗ ಸೂಜಿ ಚೀಲ ಹರಿದು ಬಲಗೈಯ ತೋರುಬೆರಳಿಗೆ ಇಳಿಯಿತು. ಸಿರಿಂಜಿಗೆ ಸಿಕ್ಕಿಸಿದ ಹಾಗೇ ಇದ್ದ ಹಸಿರು ಬುಡದ ಸೂಜಿ, ನಾವು ಟ್ವೆಂಟಿಒನ್ ಗೇಜ್ ಎನ್ನುವುದು. ಕ್ಯಾಪ್ ಸಡಿಲವಾಗಿ ಎಲ್ಲೋ ಕಳಚಿಬಿದ್ದಿತ್ತು. ಬುಡದ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಒಂದು ಹನಿ ರಕ್ತ ಇನ್ನೂ ಕೆಂಪಗೇ ನಿಂತಿತ್ತು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನನ್ನ ಬಳಿ ಬಂದಳು.

"ಸಿಸ್ಟರ್, ಸೂಜಿ ಚುಚ್ಚಿಬಿಡ್ತು."

ನಾನು ಕೇಳಿದ ಮೊದಲ ಪ್ರಶ್ನೆ: "ಗ್ಲೌಸ್ ಎಲ್ಲಿ? ಎಷ್ಟು ಸಲ ಹೇಳಬೇಕು ನಿಂಗೆ?"

ಅದನ್ನು ಮೆಲ್ಲಗೂ ಕೇಳಲಿಲ್ಲ. ರೋಗಿಗಳ ಕಡೆಯವರು ತಿರುಗಿ ನೋಡಿದರು. ಆಕೆ ತಲೆ ತಗ್ಗಿಸಿ, "ಗ್ಲೌಸ್ ಹರಿದೋಗಿತ್ತು ಸಿಸ್ಟರ್," ಎಂದಳು. ಅಷ್ಟು ಹೊತ್ತಿಗೆ ನಾನು ಅವಳ ಬೆರಳನ್ನು ಹಿಡಿದು ಹಿಂಡಲು ಶುರುಮಾಡಿದ್ದೆ. ಕೆಟ್ಟ ರಕ್ತ ಹೊರಗೆ ಹೋಗಲಿ ಎಂಬ ಹಳೆಯ ನಂಬಿಕೆ ಕೈಯಲ್ಲೇ ಉಳಿದಿರುತ್ತದೆ. ಓದಿನಿಂದ ಅದು ಪೂರ್ತಿ ಹೋಗುವುದಿಲ್ಲ. ಹಿಂಡುವುದರಿಂದ ವೈರಾಣು ಹೊರಗೆ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸುತ್ತಲಿನ ಅಂಗಾಂಶಕ್ಕೆ ಪೆಟ್ಟಾಗುತ್ತದೆ, ಅಲ್ಲಿಗೆ ರಕ್ತ ನುಗ್ಗುತ್ತದೆ ಅಷ್ಟೆ. ಆಮೇಲೆ ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಿದೆ. ಆಕೆ ಉರಿಗೆ ಹಲ್ಲು ಕಚ್ಚಿದಳು. ಒಂದು ಟಿಟಿ ಇಂಜೆಕ್ಷನ್ ಕೊಟ್ಟು, "ಏನೂ ಆಗಲ್ಲ ಹೋಗು, ನಾಳೆ ನೋಡೋಣ," ಎಂದು ಕಳಿಸಿದೆ.

ಆ 'ನಾಳೆ ನೋಡೋಣ' ಎಂಬುದರ ಹಿಂದೆ ಏನಿತ್ತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಕೆಲಸದ ಒತ್ತಡವಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಆ ಹಸಿರು ಬುಡವನ್ನು ಕಂಡ ಕ್ಷಣವೇ ಅದು ನನ್ನ ಟ್ರೇಯದು ಇರಬಹುದೆಂದು ನನಗೆ ಹೊಳೆದಿತ್ತು. ಡಾಕ್ಟರಿಗೆ ತಿಳಿಸಿದರೆ ಸೂಜಿ ಕೆಂಪು ಚೀಲಕ್ಕೆ ಹೇಗೆ ಬಂತು ಎಂಬ ಪ್ರಶ್ನೆ ಬರುತ್ತದೆ. ಗ್ಲೌಸ್ ಯಾಕೆ ಹಾಕಿರಲಿಲ್ಲ ಎಂದು ಗದರಿದರೆ ಪ್ರಶ್ನೆ ಅವಳ ಮೇಲೇ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿ ಗದರಿದೆ ಎನ್ನಲಾರೆ. ಆದರೆ ಭಯ ನನ್ನ ಬಾಯಲ್ಲಿ ಬೈಗುಳವಾಗಿ ಬಂತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈಗ ಆ ಒಂದು ದಿನದಲ್ಲಿ ದೇಹದೊಳಗೆ ಏನು ನಡೆಯಬಹುದಿತ್ತು ಎಂಬುದನ್ನು ನೋಡಿ. ಎಚ್‌ಐವಿ ಇರುವ ರಕ್ತ ಚರ್ಮದೊಳಗೆ ಹೊಕ್ಕರೆ ವೈರಾಣು ಕೂಡಲೇ ಮೈಯೆಲ್ಲ ಹರಡುವುದಿಲ್ಲ. ಮೊದಲು ಆ ಜಾಗದ ರಕ್ಷಕ ಕೋಶಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕೋಶಗಳು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿಂದ ರಕ್ತಕ್ಕೆ ಇಳಿಯಲು ಕೆಲವು ದಿನ ಹಿಡಿಯುತ್ತದೆ. ಔಷಧಿಗೆ ಸಿಗುವ ಅವಕಾಶ ಇಷ್ಟೇ. ಎರಡು ಗಂಟೆಯೊಳಗೆ ಶುರುಮಾಡಿದರೆ ಉತ್ತಮ, 72 ಗಂಟೆ ದಾಟಿದ ಮೇಲೆ ಪ್ರಯೋಜನವಿಲ್ಲ ಎಂಬ ಲೆಕ್ಕ ಬಂದಿರುವುದು ಇದರಿಂದ. ಔಷಧಿ ಸೋಂಕನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಮನುಷ್ಯರ ಮೇಲೆ ಪ್ರಯೋಗ ಮಾಡಿ ತಿಳಿಯಲು ಆಗುವುದಿಲ್ಲ. ಫ್ರಾನ್ಸ್, ಇಟಲಿ, ಬ್ರಿಟನ್, ಅಮೆರಿಕಗಳಲ್ಲಿ ಸೂಜಿ ಚುಚ್ಚಿಸಿಕೊಂಡಿದ್ದ ಆರೋಗ್ಯ ಕಾರ್ಯಕರ್ತರ ದಾಖಲೆಗಳನ್ನು ಕೂಡಿಸಿ 1997ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೋಂಕು ತಗಲಿದವರನ್ನೂ ತಗಲದವರನ್ನೂ ಹೋಲಿಸಿದಾಗ, ಜಿಡೊವುಡಿನ್ ಎಂಬ ಹಳೆಯ ಔಷಧಿ ಒಂದನ್ನೇ ತೆಗೆದುಕೊಂಡವರಲ್ಲೂ ಸೋಂಕಿನ ಸಾಧ್ಯತೆ ಸುಮಾರು ಶೇಕಡ 81ರಷ್ಟು ಕಡಿಮೆಯಾಗಿತ್ತು. ಯಾವ ಚುಚ್ಚುವಿಕೆ ಹೆಚ್ಚು ಅಪಾಯಕಾರಿ ಎಂಬುದನ್ನೂ ಅದೇ ಅಧ್ಯಯನ ಹೇಳಿತು: ಆಳವಾಗಿ ಇಳಿದದ್ದು, ಕಣ್ಣಿಗೆ ಕಾಣುವಷ್ಟು ರಕ್ತ ಅಂಟಿದ್ದು, ರಕ್ತನಾಳದೊಳಗೆ ಹಾಕಿ ತೆಗೆದದ್ದು, ಮತ್ತು ರೋಗಿಗೆ ಕಾಯಿಲೆ ಉಲ್ಬಣಿಸಿದ್ದು. ಅಕ್ಕನ ಬೆರಳಿಗೆ ಇಳಿದದ್ದು ರಕ್ತನಾಳದಿಂದ ಬಂದ ಟೊಳ್ಳು ಸೂಜಿ. ರಕ್ತ ಬುಡದಲ್ಲಿ ಕಾಣುತ್ತಿತ್ತು. ಇದನ್ನು ಪಾಠ ಮಾಡುತ್ತಿದ್ದವಳು ನಾನು.

ಮರುದಿನ ಮಧ್ಯಾಹ್ನದ ಹೊತ್ತಿಗೆ ವಿಷಯ ಹೊರಬಂತು, ನನ್ನಿಂದಲ್ಲ. ತರಬೇತಿಗೆ ಬಂದಿದ್ದ ಒಬ್ಬ ಹುಡುಗಿ ಡ್ಯೂಟಿ ಡಾಕ್ಟರಿಗೆ ಹೇಳಿದಳು. ನಾನೇ ಪಾಠ ಮಾಡಿದ್ದ ಹುಡುಗಿ. ಹೇಳುವಾಗ ಅವಳಿಗೆ ನನ್ನ ಭಯ ಎಷ್ಟಿತ್ತೆಂದು ಆಮೇಲೆ ತಿಳಿಯಿತು.

ಡಾಕ್ಟರು ಅಕ್ಕನನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿದರು. ವಾರ್ಡಿನ ಕುರ್ಚಿಯಲ್ಲಿ ಆಕೆ ಕುಳಿತದ್ದನ್ನು ಅದೇ ಮೊದಲು ನೋಡಿದ್ದು. "ಎಷ್ಟು ಹೊತ್ತಿಗೆ ಚುಚ್ಚಿದ್ದಮ್ಮಾ? ಊಟ ಆಯ್ತಾ?" ಎಂದು ಕೇಳಿದರು. ಗ್ಲೌಸಿನ ಮಾತೇ ಎತ್ತಲಿಲ್ಲ. ಆಮೇಲೆ ಕೇಳಿದ್ದು ಒಂದು ಪ್ರಶ್ನೆ: "ಕಾಮಾಲೆ ಇಂಜೆಕ್ಷನ್ ಯಾವಾಗ್ಲಾದ್ರೂ ಹಾಕಿಸಿದಾರಾ ನಿಮಗೆ?" ಆಕೆ ನನ್ನ ಮುಖ ನೋಡಿದಳು. ನನಗೂ ಉತ್ತರ ಗೊತ್ತಿರಲಿಲ್ಲ. ಹಾಕಿಸಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಡಾಕ್ಟರು ಕೇಳಿದ್ದು ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆ. ಸೂಜಿ ಚುಚ್ಚಿತೆಂದರೆ ನಮ್ಮ ಜನ, ಆಸ್ಪತ್ರೆಯವರು ಕೂಡ, ಮೊದಲು ಹೆದರುವುದು ಎಚ್‌ಐವಿಗೆ. ಲೆಕ್ಕ ಬೇರೆಯೇ ಇದೆ. ನರ್ಸಿಂಗ್ ಮಕ್ಕಳು ಬಾಯಿಪಾಠ ಮಾಡುವುದು 30, 3, 0.3 ಎಂದು. ಸೋಂಕಿರುವ ರೋಗಿಯ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇಕಡ 30ರವರೆಗೆ, ಹೆಪಟೈಟಿಸ್ ಸಿ ಸುಮಾರು 3, ಎಚ್‌ಐವಿ 0.3. ಮೊದಲ ಅಂಕಿ ರೋಗಿಯ ರಕ್ತದಲ್ಲಿ ವೈರಾಣು ತುಂಬ ಇದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಇಲ್ಲದಿದ್ದಾಗಿನ ಮಾತು. ಸಿ ಬಗ್ಗೆ ಇತ್ತೀಚಿನ ಅಂದಾಜು 3ಕ್ಕಿಂತ ಬಹಳ ಕಡಿಮೆ. ಎಚ್‌ಐವಿಯ 0.3 ಎಂದರೆ ಸಾವಿರ ಸಲ ಚುಚ್ಚಿದರೆ ಮೂರು ಸಲ, ಅದೂ ಔಷಧಿ ತೆಗೆದುಕೊಳ್ಳದಿದ್ದಾಗ. ಜೊತೆಗೆ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಏಳು ದಿನದವರೆಗೆ ಜೀವ ಹಿಡಿದುಕೊಂಡಿರಬಲ್ಲದು. ಎಲ್ಲರಿಗಿಂತ ದೊಡ್ಡ ಅಪಾಯ ಅದರದು. ಲಸಿಕೆ ಇರುವುದೂ ಅದಕ್ಕೇ. ಮೂರು ಡೋಸು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ನಾನು ಕಾಲೇಜಿನಲ್ಲೇ ಹಾಕಿಸಿಕೊಂಡಿದ್ದೆ. ಡಾಕ್ಟರಿಗೂ ಆಗಿತ್ತು, ಲ್ಯಾಬಿನ ಹುಡುಗರಿಗೂ ಆಗಿತ್ತು. ನಾವೆಲ್ಲರೂ ಬಳಸಿ ಎಸೆದದ್ದನ್ನು ದಿನವೂ ಬರಿಗೈಯಲ್ಲಿ ಗಂಟು ಕಟ್ಟುತ್ತಿದ್ದವಳಿಗೆ ಆಗಿರಲಿಲ್ಲ. ಆಕೆ ಏಜೆನ್ಸಿಯ ಕಡೆಯಿಂದ ಬಂದವಳು, ಆಸ್ಪತ್ರೆಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಈ ಕಸವನ್ನು ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆನ್ನುತ್ತವೆ. ಏಜೆನ್ಸಿಯವರು, ಕಾಯಮ್ಮಿನವರು ಎಂಬ ಭೇದ ಅದರಲ್ಲಿಲ್ಲ. ಭೇದ ಇದ್ದುದು ನಮ್ಮ ಪಟ್ಟಿಯಲ್ಲಿ. ವಾರ್ಡಿನ ಇನ್‌ಚಾರ್ಜ್ ಆಗಿ ಆ ಪಟ್ಟಿಯನ್ನು ವರ್ಷವರ್ಷ ನೋಡುತ್ತಿದ್ದ ನನಗೆ ಆ ಹೆಸರು ಇಲ್ಲ ಅನ್ನಿಸಿಯೇ ಇರಲಿಲ್ಲ.

ಅಂದು ಸಂಜೆ ಡಾಕ್ಟರು ಚೀಟಿ ಬರೆದು ಜಿಲ್ಲಾಸ್ಪತ್ರೆಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ಆಪ್ತಸಮಾಲೋಚಕರು ಆಕೆಯ ಒಪ್ಪಿಗೆ ಕೇಳಿ, ಪರೀಕ್ಷೆಯ ಉದ್ದೇಶವನ್ನು ಬಿಡಿಸಿ ಹೇಳಿದರು. ಇವತ್ತಿನ ಪರೀಕ್ಷೆ ತೋರಿಸುವುದು ಮೊದಲೇ ಇದ್ದುದನ್ನು ಮಾತ್ರ, ಈ ಸೂಜಿಯಿಂದ ಏನಾದರೂ ಬಂದಿದ್ದರೆ ಅದು ಈಗ ಕಾಣುವುದಿಲ್ಲ; ಆದರೂ ಇವತ್ತಿನದು ಬೇಕು, ಮುಂದೆ ಏನಾದರೂ ಕಂಡರೆ ಅದು ಕೆಲಸದಲ್ಲೇ ಬಂದದ್ದೆಂದು ಹೇಳಲು ಇದೊಂದೇ ಆಧಾರ ಎಂದರು. ಸೂಜಿ ಯಾರದೆಂದು ಕೇಳಿದಾಗ ಅಕ್ಕ ಸುಮ್ಮನಿದ್ದಳು. ನಾನು, "ನಾನು ರಕ್ತ ತೆಗೆದ ಟ್ರೇಯಿಂದಲೇ ಬಂದಿರಬೇಕು, ಆದರೆ ಯಾವ ರೋಗಿಯದೆಂದು ಗೊತ್ತಿಲ್ಲ," ಎಂದೆ. ಅಕ್ಕ ತಿರುಗಿ ನೋಡಿದಳು. ಆ ಮಾತನ್ನು ಹಿಂದಿನ ದಿನವೇ ಹೇಳಿದ್ದರೆ ಆ ಸುತ್ತಿನಲ್ಲಿ ರಕ್ತ ಕೊಟ್ಟ ರೋಗಿಗಳ ಒಪ್ಪಿಗೆ ಪಡೆದು ಪರೀಕ್ಷೆ ಮಾಡಿಸಬಹುದಿತ್ತು. ಅಷ್ಟರಲ್ಲಿ ಅವರಲ್ಲಿ ಕೆಲವರು ಡಿಸ್ಚಾರ್ಜ್ ಆಗಿ ಊರಿಗೆ ಹೋಗಿದ್ದರು. ಸೂಜಿಯನ್ನೇ ಪರೀಕ್ಷೆಗೆ ಕಳಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹಾಗೆ ಮಾಡುವುದಿಲ್ಲ: ಫಲಿತಾಂಶವನ್ನು ನಂಬಲಾಗದು, ಸೂಜಿ ಮುಟ್ಟುವ ಇನ್ನೊಬ್ಬರಿಗೂ ಅಪಾಯ.

ಯಾರದೆಂದು ಗೊತ್ತಿಲ್ಲದ, ರಕ್ತ ಕಾಣುವ, ಟೊಳ್ಳು ಸೂಜಿ. ಮಾತ್ರೆ ಶುರುಮಾಡೋಣ ಎಂದರು. ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು, 28 ದಿನ. ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಜಿಡೊವುಡಿನ್ ಕಾಲದ ಹಾಗೆ ವಾಂತಿ, ಸುಸ್ತು ಅಷ್ಟಾಗಿ ಇಲ್ಲ. ತಲೆನೋವು, ನಿದ್ದೆಗೇಡು ಕೆಲವರಿಗೆ ಬರುತ್ತದೆ. ಹೆಪಟೈಟಿಸ್ ಬಿಗೆ ಲಸಿಕೆಯ ಮೊದಲ ಡೋಸನ್ನೂ, ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಇಂಜೆಕ್ಷನ್ನನ್ನೂ ಬರೆದರು. ಒಂದು ಎಡತೋಳಿಗೆ, ಇನ್ನೊಂದು ಬೇರೆ ಕಡೆಗೆ. ಲಸಿಕೆ ದೇಹಕ್ಕೆ ಪ್ರತಿಕಾಯ ಮಾಡಲು ಕಲಿಸುತ್ತದೆ, ಅದಕ್ಕೆ ವಾರಗಳು ಬೇಕು. ಅಲ್ಲಿಯವರೆಗೆ ಈ ಇಂಜೆಕ್ಷನ್ ಕಾಯುತ್ತದೆ. ಇದನ್ನು 24 ಗಂಟೆಯೊಳಗೆ ಕೊಡುವುದು ಒಳ್ಳೆಯದು, ಏಳು ದಿನದ ಮೇಲೆ ಉಪಯೋಗವಿಲ್ಲ. ಆ 24 ಗಂಟೆ ನನ್ನ 'ನಾಳೆ ನೋಡೋಣ'ದಲ್ಲಿ ಕಳೆದುಹೋಗಿತ್ತು.

ಆ ಇಂಜೆಕ್ಷನ್ ಅಂದು ಅಲ್ಲಿ ದಾಸ್ತಾನಿರಲಿಲ್ಲ. ಹೊರಗಿನ ಔಷಧದಂಗಡಿಯಲ್ಲಿ ಸಿಕ್ಕಿತು, ಬೆಲೆ ಸಾವಿರಗಳಲ್ಲಿತ್ತು. ಏಜೆನ್ಸಿಯವರು ಫೋನಿನಲ್ಲಿ ಆಸ್ಪತ್ರೆಯನ್ನು ಕೇಳಿ ಎಂದರು, ಆಸ್ಪತ್ರೆಯ ಅಕೌಂಟ್ಸ್‌ನವರು ಏಜೆನ್ಸಿಯನ್ನು ಕೇಳಿ ಎಂದರು. ಡಾಕ್ಟರು ತಾವೇ ಮಾಲೀಕರಿಗೆ ಫೋನ್ ಮಾಡಿ ಖರ್ಚು ಆಸ್ಪತ್ರೆಯದೆಂದು ಒಪ್ಪಿಸಿದರು. ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಇಂಥ ಅಪಾಯವಿರುವ ಸಂಸ್ಥೆ ತನ್ನಲ್ಲಿ ಕೆಲಸ ಮಾಡುವ ಎಲ್ಲರಿಗೂ ರಕ್ಷಣಾ ಸಾಮಗ್ರಿ, ತರಬೇತಿ, ಚುಚ್ಚಿದ ಮೇಲಿನ ಔಷಧಿ ಒದಗಿಸಬೇಕೆಂದು ಅದು ಹೇಳುತ್ತದೆ. ಆ ರಾತ್ರಿ ಔಷಧದಂಗಡಿಯ ಮುಂದೆ ಕಾಯುವಾಗ ನನಗೆ ಈ ಕಾಯ್ದೆಯ ಒಂದಕ್ಷರವೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಫೋನಿನಲ್ಲಿ ಬೇಡಿಕೊಳ್ಳುವ ಬದಲು ಕೇಳುತ್ತಿದ್ದೆ.

ಔಷಧಿ ಸಿಕ್ಕಿತು ಎಂದಮೇಲೆ ಕಷ್ಟ ಮುಗಿಯಿತು ಎಂದುಕೊಂಡಿದ್ದೆ. ಆಕೆಯ ಕಷ್ಟ ಶುರುವಾದದ್ದೇ ಆಗ. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ರಕ್ತ ಕೊಡುವಂತಿಲ್ಲ. ಗಂಡನ ಜೊತೆ ಸೇರುವಾಗ ನಿರೋಧ್ ಬಳಸಬೇಕು. "ಗಂಡಂಗೆ ಏನಂತ ಹೇಳ್ಲಿ ಸಿಸ್ಟರ್? ಸೂಜಿ ಚುಚ್ತು ಅಂದ್ರೆ ನಂಬ್ತಾನಾ?" ಎಂದು ಕೇಳಿದಳು. ಎಆರ್‌ಟಿ ಕೇಂದ್ರದ ಬಾಗಿಲಲ್ಲಿ ನಿಂತದ್ದನ್ನು ಓಣಿಯವರು ಯಾರಾದರೂ ಕಂಡರೆ ಎಂಬ ಹೆದರಿಕೆ ಬೇರೆ. ಗಂಡನನ್ನು ಕರೆಸಿ ಡಾಕ್ಟರೇ ಹೇಳಿದರು. ಆತ ಬಂದು ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡ. ಯಾರ ತಪ್ಪಿನಿಂದ ಆದದ್ದು ಎಂದು ಕೇಳಿದ. ನಾನಿದ್ದೆ. ನನ್ನಿಂದ ಎಂದೆ. ಆತ ನನಗೇನೂ ಅನ್ನಲಿಲ್ಲ, ಹೆಂಡತಿಗೆ, "ನಡಿ ಮನೆಗೆ," ಎಂದ. ಅದರಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

ಮಾತ್ರೆಯ ಡಬ್ಬಿಯನ್ನು ಮನೆಗೆ ಒಯ್ಯಲು ಆಕೆಗೆ ಮನಸ್ಸಿರಲಿಲ್ಲ. ನನ್ನ ಲಾಕರಿನಲ್ಲಿ ಇಟ್ಟುಕೊಂಡೆ, ಮಧ್ಯಾಹ್ನದ ಊಟಕ್ಕೆ ಕೊಡುತ್ತಿದ್ದೆ, ರಜೆಯ ದಿನದ್ದನ್ನು ಕಾಗದದಲ್ಲಿ ಸುತ್ತಿ ಮೊದಲೇ ಕೊಟ್ಟಿರುತ್ತಿದ್ದೆ. ಒಂದು ದಿನ ಆಕೆಯ ಚೀಲದಲ್ಲಿ ಕೆಂಪು ಕಬ್ಬಿಣಾಂಶದ ಗುಳಿಗೆ ಕಂಡೆ. ರಕ್ತಹೀನತೆಗೆ ಆಶಾ ಕಾರ್ಯಕರ್ತೆ ಕೊಟ್ಟದ್ದಂತೆ. ಡೊಲುಟೆಗ್ರಾವಿರನ್ನು ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳ ಜೊತೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು, ಇಲ್ಲದಿದ್ದರೆ ಈ ಮಾತ್ರೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದಮೇಲೆ. ಇಷ್ಟು ಸಣ್ಣ ಸಂಗತಿ, ಯಾರೂ ಕೇಳಿರಲಿಲ್ಲ. ಆಕೆಯೂ ಹೇಳಿರಲಿಲ್ಲ. ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬ ಪಾಠವನ್ನು ನಾನೇ ಕಲಿಸಿದ್ದೆನಲ್ಲ.

ಆ ಪಾಠ ನನಗೂ ಯಾರೋ ಕಲಿಸಿದ್ದರು. ಕೊನೆಯ ವರ್ಷದ ಓದಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ, ಡ್ರಿಪ್ಪಿನ ಸೂಜಿ ತೆಗೆಯುವಾಗ ರೋಗಿ ಕೈ ಎಳೆದುಕೊಂಡು ಅದು ನನ್ನ ಹೆಬ್ಬೆರಳಿಗೆ ಇಳಿದಿತ್ತು. ಆ ವಾರ್ಡಿನ ಸೀನಿಯರ್ ಸಿಸ್ಟರ್‌ಗೆ ಹೇಳಿದರೆ ಏನೆನ್ನುತ್ತಾರೆಂದು ಗೊತ್ತಿತ್ತು. ಬಾತ್‌ರೂಮಿಗೆ ಹೋಗಿ ಕೈತೊಳೆದು, ಬ್ಯಾಂಡೇಜ್ ಸುತ್ತಿ, ಹಣ್ಣು ಹೆಚ್ಚುವಾಗ ಚಾಕು ತಾಗಿತೆಂದು ಹೇಳಿದೆ. ಆಮೇಲೆ ಮೈ ಬಿಸಿಯಾದಾಗಲೆಲ್ಲ, ನಾಲಿಗೆಯಲ್ಲಿ ಒಂದು ಹುಣ್ಣಾದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಮದುವೆಯ ಮಾತು ಬಂದಾಗ ಊರಿಂದ ದೂರದ ಲ್ಯಾಬಿಗೆ ಹೋಗಿ ಗುಟ್ಟಾಗಿ ಪರೀಕ್ಷೆ ಮಾಡಿಸಿಕೊಂಡೆ. ನೆಗೆಟಿವ್ ಬಂತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಇಷ್ಟನ್ನು ಅನುಭವಿಸಿದವಳು ಆ ಜಾಗದಲ್ಲಿ ಬೇರೊಬ್ಬರನ್ನು ಕಂಡಾಗ ಬೇರೆ ರೀತಿ ನಡೆದುಕೊಳ್ಳಬೇಕಿತ್ತು. ನಾನು ಆ ಸೀನಿಯರ್ ಸಿಸ್ಟರ್ ಮಾತಾಡುತ್ತಿದ್ದ ಹಾಗೇ, ಅದೇ ದನಿಯಲ್ಲಿ ಮಾತಾಡಿದೆ.

ನಮ್ಮ ವಾರ್ಡಿನಲ್ಲಿ ಸೂಜಿ ಚುಚ್ಚಿದ ಘಟನೆಗಳಿಗೆಂದೇ ಒಂದು ರಿಜಿಸ್ಟರ್ ಇತ್ತು. ತಿಂಗಳ ಕೊನೆಗೆ 'ನಿಲ್' ಎಂದು ಬರೆದು ಸಹಿ ಹಾಕುತ್ತಿದ್ದೆ. ಪುಟ ಪುಟವೂ ನಿಲ್. ತಪಾಸಣೆಗೆ ಬಂದವರು ನೋಡಿ ಮೆಚ್ಚಿದ್ದರು, ನಾನು ಹೆಮ್ಮೆಪಟ್ಟಿದ್ದೆ. ಅಕ್ಕನ ವಿಷಯ ಆದಮೇಲೆ ಒಂದು ಸಂಜೆ ಎಲ್ಲರನ್ನೂ ಕೂರಿಸಿ, ನನ್ನ ಹೆಬ್ಬೆರಳಿನ ಕಥೆಯನ್ನು, ಅಕ್ಕನಿಗೆ ನಾನು ಮಾಡಿದ್ದನ್ನು ಹೇಳಿದೆ. ನಿಮಗೂ ಆಗಿದ್ದರೆ ಹೇಳಿ, ಬೈಯುವುದಿಲ್ಲ ಎಂದೆ. ಮೊದಲು ಯಾರೂ ಬಾಯಿಬಿಡಲಿಲ್ಲ. ಆಮೇಲೆ ಲ್ಯಾಬಿನ ಹುಡುಗ ತನ್ನದನ್ನು ಹೇಳಿದ. ಆಮೇಲೆ ಒಬ್ಬ ಸಿಸ್ಟರ್, ಗರ್ಭಿಣಿಯಾಗಿದ್ದಾಗ ಆದದ್ದು. ಆಪರೇಷನ್ ಥಿಯೇಟರಿನಲ್ಲಿ ಬಟ್ಟೆ ಒಗೆಯಲು ಹಾಕುವಾತ, ಹಸಿರು ಬಟ್ಟೆಯ ಮಡಿಕೆಯಲ್ಲಿ ಹೊಲಿಗೆಯ ಸೂಜಿ ಉಳಿದಿರುವುದು ಮಾಮೂಲು ಎಂದ. ಮಾಮೂಲು! ಅವನ ವಿಷಯ ಯಾವ ತಿಂಗಳ ನಿಲ್‌ನಲ್ಲಿ ಹೋಗಿತ್ತೋ. ಆ ರಿಜಿಸ್ಟರ್ ಖಾಲಿಯಿದ್ದುದು ಸೂಜಿ ಚುಚ್ಚದ್ದರಿಂದಲ್ಲ, ನಾನು ಅಲ್ಲಿದ್ದುದರಿಂದ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ನೀಡಲ್ ಕಟರನ್ನೂ ಚುಚ್ಚಿ ತೂತಾಗದ ಬಿಳಿ ಡಬ್ಬಿಯನ್ನೂ ಮೇಜಿನಿಂದ ಇಳಿಸಿ ಟ್ರಾಲಿಗೆ ಕಟ್ಟಿದೆವು. ಈಗ ಅವು ರೋಗಿಯ ಮಂಚದವರೆಗೆ ಬರುತ್ತವೆ. ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಳ ಹಾಕಿ ಬದಲಿಸುವುದು, ಒತ್ತಿ ತುಂಬುವುದಿಲ್ಲ. ಕ್ಯಾಪ್ ಹಾಕಲೇಬೇಕಾದ ಸಂದರ್ಭ ಬಂದರೆ ಅದನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಿಂದ ಸೂಜಿಯಲ್ಲಿ ಬಾಚಿಕೊಳ್ಳುವುದು, ಇನ್ನೊಂದು ಕೈ ಬೆನ್ನ ಹಿಂದೆ. ಸೂಜಿ ಹಿಡಿದವರೇ ಅದನ್ನು ಡಬ್ಬಿಗೆ ಹಾಕಬೇಕು, ಯಾರ ಬಿಪಿ ಇಳಿದರೂ. ತುರ್ತು ವಿಭಾಗದ ಬೀರುವಿನಲ್ಲಿ ಮೊದಲ ಮಾತ್ರೆಗಳು ಇರುತ್ತವೆ, ಬೀಗದ ಕೈ ರಾತ್ರಿ ಪಾಳಿಯವರ ಬಳಿಯೂ ಇರುತ್ತದೆ. ಮೊದಲ ಮಾತ್ರೆ ನುಂಗಿ ಆಮೇಲೆ ಯೋಚನೆ. ರೋಗಿಗೆ ಎಚ್‌ಐವಿ ಇಲ್ಲವೆಂದು ತಿಳಿದರೆ ನಿಲ್ಲಿಸಬಹುದು. ಯಾರಾದರೂ ಬಂದು ಚುಚ್ಚಿತು ಎಂದರೆ ಕೇಳುವ ಮೊದಲ ಪ್ರಶ್ನೆ ಎಷ್ಟು ಹೊತ್ತಾಯಿತು ಎಂಬುದೇ. ಹೇಗಾಯಿತು ಎಂಬುದನ್ನು ಅವರ ರಕ್ತ ಪರೀಕ್ಷೆಗೆ ಹೋದಮೇಲೆ ಕೇಳುತ್ತೇವೆ. ಹೆಪಟೈಟಿಸ್ ಸಿಗೆ ಮಾತ್ರ ಲಸಿಕೆಯೂ ಇಲ್ಲ, ಚುಚ್ಚಿದ ಕೂಡಲೇ ಕೊಡುವ ಔಷಧಿಯೂ ಇಲ್ಲ. ಆದರೆ ಪರೀಕ್ಷೆ ತಪ್ಪಿಸದೆ ಬಂದು ಬೇಗ ಕಂಡುಹಿಡಿದರೆ ಸಾಮಾನ್ಯವಾಗಿ ಹನ್ನೆರಡು ವಾರದ ಗುಳಿಗೆಯಲ್ಲಿ ಬಹುಪಾಲು ಜನರಿಗೆ ಅದು ಪೂರ್ತಿ ವಾಸಿಯಾಗುತ್ತದೆ. ಅದನ್ನೂ ಹೇಳಿ ಕಳಿಸುತ್ತೇವೆ, ಹೆದರಿಕೆಯಿಂದ ಮನೆಯಲ್ಲಿ ಕೂರದಿರಲೆಂದು.

ಆಸ್ಪತ್ರೆಯ ಹೊರಗಿನವರಿಗೂ ಒಂದು ಮಾತು ಹೇಳಬೇಕು. ಎಷ್ಟೋ ಮನೆಗಳಲ್ಲಿ ಈಗ ಇನ್ಸುಲಿನ್ ಇದೆ. ಬಳಸಿದ ಸೂಜಿಯನ್ನು ಹಾಗೇ ಕಸದ ಬುಟ್ಟಿಗೆ ಹಾಕಿದರೆ ಅದು ಬೆಳಿಗ್ಗೆ ಪೌರಕಾರ್ಮಿಕರ ಕೈಯಲ್ಲಿರುತ್ತದೆ. ಅವರಲ್ಲಿ ಎಷ್ಟು ಜನರಿಗೆ ಲಸಿಕೆ ಆಗಿದೆ ಎಂದು ಯಾರಾದರೂ ಕೇಳಿದ್ದಾರೆಯೇ? ದಪ್ಪ ಪ್ಲಾಸ್ಟಿಕ್ಕಿನ ಖಾಲಿ ಡಬ್ಬಿಗೆ ಸೂಜಿಗಳನ್ನು ಹಾಕುತ್ತ ಬನ್ನಿ, ತುಂಬುತ್ತ ಬಂದಾಗ ಮುಚ್ಚಳ ಬಿಗಿದು, ಮೇಲೆ ಸೂಜಿ ಎಂದು ಬರೆದು, ಹಸಿಕಸ ಒಣಕಸಕ್ಕೆ ಸೇರಿಸದೆ ಬೇರೆಯಾಗಿ ಕೈಗೆ ಕೊಡಿ. 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಗೃಹತ್ಯಾಜ್ಯ ಎಂದು ಬೇರೆ ಇಟ್ಟಿದ್ದವು. ಕೊಡುವಾಗ ಬಾಯಿಬಿಟ್ಟು ಇದರಲ್ಲಿ ಸೂಜಿ ಇದೆ ಎಂದು ಹೇಳಿ.

ಅಕ್ಕನ ಎಲ್ಲ ಪರೀಕ್ಷೆಗಳೂ ನೆಗೆಟಿವ್ ಬಂದವು. ಕೊನೆಯ ವರದಿಯ ದಿನ ನಾನು ಆಕೆಯ ಕ್ಷಮೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಏನೂ ಅನ್ನದೆ, "ಸೂಜಿ ಯಾರ ಕೈಯಿಂದಾದ್ರೂ ಬೀಳ್ತೈತೆ ಸಿಸ್ಟರ್. ಅಷ್ಟು ಜನರ ಮುಂದೆ ಅಂದ್ರಲ್ಲ, ಅದು ಹೋಗಲ್ಲ," ಎಂದಳು. ನಾನು ಹೂಂ ಎಂದೆ. ಬೇರೆ ಏನು ಹೇಳಲಿ.

ಮೂರನೇ ಡೋಸಾದ ಮೇಲೆ ಲಸಿಕೆ ಹಿಡಿದಿದೆಯೇ ಎಂದು ಪ್ರತಿಕಾಯದ ಮಟ್ಟ ನೋಡುವ ಟೈಟರ್ ಎಂಬ ಪರೀಕ್ಷೆಯೊಂದಿದೆ. ಕೊನೆಯ ಡೋಸಾಗಿ ಒಂದೆರಡು ತಿಂಗಳಲ್ಲಿ ಮಾಡಿಸಬೇಕು, 10 mIU/mL ಅಥವಾ ಅದಕ್ಕಿಂತ ಮೇಲಿದ್ದರೆ ರಕ್ಷಣೆ ಇದೆ ಎಂದರ್ಥ. ಮೂರೂ ಡೋಸು ಹಾಕಿಸಿಕೊಂಡರೂ ಕೆಲವರ ದೇಹ ಸ್ಪಂದಿಸುವುದಿಲ್ಲ, ಅದು ಪರೀಕ್ಷೆಯಿಲ್ಲದೆ ತಿಳಿಯುವುದಿಲ್ಲ. ಏಜೆನ್ಸಿಯ ಒಪ್ಪಂದದಲ್ಲಿ ಈಗ ಲಸಿಕೆಯ ಷರತ್ತು ಸೇರಿದೆ. ಈ ಪರೀಕ್ಷೆಯ ಖರ್ಚನ್ನು ಮಾತ್ರ ಆಡಳಿತದವರು ಇನ್ನೂ ಒಪ್ಪಿಲ್ಲ. ಹೋದ ಮೀಟಿಂಗಿನಲ್ಲಿ ರಿಜಿಸ್ಟರಿನಲ್ಲಿ ಘಟನೆಗಳು ಏಕೆ ಏರುತ್ತಿವೆ ಎಂದು ಕೇಳಿದರು. ಮೊದಲೂ ಇಷ್ಟೇ ಚುಚ್ಚುತ್ತಿದ್ದವು, ನಾನು ನಿಲ್ ಎಂದು ಬರೆಯುತ್ತಿದ್ದೆ ಎಂದೆ. ಕ್ಲೀನಿಂಗ್‌ನವರ ಹೆಸರುಗಳನ್ನು ಮೇಲಕ್ಕೆ ಬರೆದು ಟೈಟರ್ ಪರೀಕ್ಷೆಯ ಅರ್ಜಿಯನ್ನು ಮತ್ತೆ ಕೊಟ್ಟಿದ್ದೇನೆ. ಮುಂದಿನ ತಿಂಗಳ ಮೀಟಿಂಗಿಗೆ ಅದು ಬರುತ್ತದೆ.